ಕೈಗುಣವಲ್ಲ, ಕತ್ತಲು

ಡಿಸೆಂಬರ್ ಬಂತೆಂದರೆ ಅರೇಹಳ್ಳಿ ಸುತ್ತಿನ ತೋಟದ ಮನೆಗಳ ಕಣದಲ್ಲಿ ಕಾಫಿ ಒಣಗುತ್ತದೆ, ಜಗಲಿಯಲ್ಲಿ ಸೇವಂತಿಗೆ ಕುಂಡಗಳು ಅರಳುತ್ತವೆ. ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಕುಂಡ ಒಯ್ಯುವವರೂ ಉಂಟು. ಚೆಂದದ ಹೂ ಕಂಡಾಗ ನಮ್ಮ ಕಡೆ ಬರುವ ಮೊದಲ ಮಾತು, "ಅವರ ಕೈಗುಣ ಕಣ್ರೀ." ಈ ಹೊಗಳಿಕೆ ಕೇಳಿದಾಗ ನನಗೆ ಬೇಸರವಾಗುತ್ತದೆ. ಆರು ತಿಂಗಳ ದುಡಿಮೆಯನ್ನು ಅದು ಅದೃಷ್ಟದ ಲೆಕ್ಕಕ್ಕೆ ಬರೆದುಬಿಡುತ್ತದೆ. ಹೂ ಬಾರದವರು ತಮಗೆ ಕೈಗುಣವಿಲ್ಲವೆಂದು ಕುಂಡವನ್ನು ಹಿತ್ತಲಿಗೆ ಸರಿಸುತ್ತಾರೆ.

ಇನ್ನೊಂದು ನಂಬಿಕೆ, ಸೇವಂತಿಗೆಯಂಥವೆಲ್ಲ ಚಳಿಗೆ ಬಿಡುವ ಹೂ ಎಂಬುದು. ನಾನೂ ಹಾಗೇ ತಿಳಿದಿದ್ದೆ. ನಮ್ಮ ಮನೆಯ ಪಾಯಿನ್ಸೆಟಿಯಾ ಗಿಡ ಆ ತಿಳಿವಳಿಕೆಯನ್ನು ತಿದ್ದಿತು. ಕಾಫಿ ಕಾಯಲೆಂದು ಕಣಕ್ಕೆ ರಾತ್ರಿಯಿಡೀ ದೀಪ ಹಾಕುತ್ತೇವೆ. ಗಿಡದ ಮನೆಗೋಡೆಯ ಬದಿ ಕುಂಕುಮದಂತೆ ಕೆಂಪೇರಿತ್ತು, ದೀಪಕ್ಕೆ ಮುಖ ಮಾಡಿದ ಬದಿ ಮಾತ್ರ ಹಚ್ಚಹಸಿರಾಗಿಯೇ ಉಳಿದಿತ್ತು. ಒಂದೇ ಗಿಡ, ಒಂದೇ ಚಳಿ.

ಕಾರಣ ಕತ್ತಲು. ಹಗಲಿನ ಉದ್ದಕ್ಕೂ ಹೂವಿಗೂ ಇರುವ ನಂಟನ್ನು ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ಪ್ರಕಟಿಸಿದರು. ಗಿಡ ನಿಜಕ್ಕೂ ಲೆಕ್ಕ ಹಾಕುವುದು ಎಡೆಬಿಡದ ರಾತ್ರಿಯನ್ನು ಎಂದು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ತೋರಿಸಿದರು. ನಮ್ಮಲ್ಲಿ ಜೂನ್‌ನ ಹಗಲು ಹೆಚ್ಚುಕಡಿಮೆ 13 ಗಂಟೆ, ಡಿಸೆಂಬರ್‌ನದು ಸುಮಾರು 11 ಗಂಟೆ 20 ನಿಮಿಷ. ಸೆಪ್ಟೆಂಬರ್ ಕೊನೆಯಿಂದ ರಾತ್ರಿ ಹಗಲನ್ನು ಮೀರುತ್ತಾ ಹೋಗುತ್ತದೆ; ಸೇವಂತಿಗೆ, ಪಾಯಿನ್ಸೆಟಿಯಾ ಕಾಯುವುದು ಅದಕ್ಕೇ. ನಡುರಾತ್ರಿ ಬಿದ್ದ ಬೆಳಕು ಆ ಲೆಕ್ಕವನ್ನು ಕೆಡಿಸುತ್ತದೆ. ಚಳಿಗೆ ಕೆಲಸವೇ ಇಲ್ಲವೆಂದಲ್ಲ, ಬಣ್ಣ ಗಾಢವಾಗಲು, ಹೂ ಹೆಚ್ಚು ದಿನ ನಿಲ್ಲಲು ಅದು ಬೇಕು. ಕಾಫಿಗಾದರೆ ಮಳೆಯೇ ಸುಳಿವು: ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಬಿದ್ದ ಹತ್ತು ದಿನದೊಳಗೆ ತೋಟ ಬೆಳ್ಳಗಾಗುತ್ತದೆ. ಸೇವಂತಿಗೆ ಕುಂಡ ಬೀದಿದೀಪದಡಿ ಇದ್ದರೆ ಮೊದಲು ಅದನ್ನು ಅಲ್ಲಿಂದ ಎತ್ತಿ, ಗೊಬ್ಬರದ ಮಾತು ಆಮೇಲೆ.

ಅಂದಹಾಗೆ ಪಾಯಿನ್ಸೆಟಿಯಾದ ಆ ಕೆಂಪು ಹೂವಲ್ಲ, ಬಣ್ಣ ತಿರುಗಿದ ಎಲೆ. ನಡುವಿನ ಹಳದಿ ಗುಂಡಿಯಂಥವೇ ಹೂಗಳು. ಆಂಥೂರಿಯಂನ ಹೊಳೆಯುವ ಕೆಂಪು ಹಾಳೆಯೂ ಎಲೆಯೇ. ನಿಜವಾದ ಹೂಗಳು ಅದರ ನಡುವೆ ಎದ್ದುನಿಂತ ಕಡ್ಡಿಯ ಮೇಲೆ ಒತ್ತೊತ್ತಾಗಿ ಕೂತಿರುತ್ತವೆ. ಪಾಯಿನ್ಸೆಟಿಯಾ ತಿಂದರೆ ಸಾವೇ ಎಂದು ಮಕ್ಕಳಿರುವ ಮನೆಯವರು ಹೆದರುತ್ತಾರೆ. ಅದರ ಹಾಲು ತಾಗಿದರೆ ಚರ್ಮ ತುರಿಸಬಹುದು, ಎಲೆ ಅಗಿದರೆ ಹೊಟ್ಟೆ ತೊಳಸಬಹುದು, ಜೀವಕ್ಕೆ ಕುತ್ತು ತರುವಂಥ ವಿಷವಲ್ಲ. ಹೆದರಬೇಕಾದದ್ದು ದೇವರ ಪೂಜೆಗೆಂದು ಅಂಗಳದಲ್ಲೇ ಬೆಳೆಸಿರುವ ಕಣಗಿಲೆಗೆ. ಎಲೆ, ಕಾಂಡ, ಬೇರು, ಬೀಜ ಎಲ್ಲವೂ ಹೃದಯಕ್ಕೆ ವಿಷ, ದನಕರುಗಳಿಗೂ.

ಸೇವಂತಿಗೆಯ ಕುಡಿ ಚಿವುಟಿದರೆ ಗಿಡ ಸೊರಗುತ್ತದೆ ಎನ್ನುವವರಿದ್ದಾರೆ. ತುದಿಚಿಗುರಿನಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ತಡೆದಿಡುತ್ತದೆ; ತುದಿ ಹೋದರೆ ಅವು ಚಿಗುರಿ ಗಿಡ ತುಂಬಿಕೊಳ್ಳುತ್ತದೆ. ಪ್ರದರ್ಶನಕ್ಕೆ ಒಂದೇ ದೊಡ್ಡ ಹೂ ಬೇಕಾದವರು ಮುಂದೆ ಪಕ್ಕದ ಮೊಗ್ಗುಗಳನ್ನೆಲ್ಲ ಉಗುರಲ್ಲಿ ತೆಗೆದು ತುದಿಯದೊಂದನ್ನು ಉಳಿಸುತ್ತಾರೆ. 1912ರಲ್ಲಿ ಹುಟ್ಟಿದ ಮೈಸೂರು ತೋಟಗಾರಿಕಾ ಸಂಘದ ಸಹಯೋಗದ ಲಾಲ್‌ಬಾಗ್‌ನ ಜನವರಿ ಪ್ರದರ್ಶನವಿರಲಿ, ನಮ್ಮ ಜಿಲ್ಲೆಯದಿರಲಿ, ಅಲ್ಲಿನ ಕುಂಡದ ಸೇವಂತಿಗೆಯ ಕೆಲಸ ಮಳೆಗಾಲದಲ್ಲೇ ಶುರುವಾಗಿರುತ್ತದೆ.

ಹೂದಾನಿಯ ನೀರಿಗೆ ಸಕ್ಕರೆ ಹಾಕಿದರೆ ಹೂ ಬಾಡದು ಎಂಬುದು ಅರ್ಧ ನಿಜ. ಸಕ್ಕರೆ ಹೂವಿಗೂ ಆಹಾರ, ಬ್ಯಾಕ್ಟೀರಿಯಾಕ್ಕೂ ಆಹಾರ. ಎರಡನೇ ದಿನ ದಂಟಿನ ಬುಡ ಮುಟ್ಟಿ ನೋಡಿ, ಲೋಳೆ ಕೈಗೆ ಹತ್ತುತ್ತದೆ. ಆ ಲೋಳೆ ನೀರಿನ ದಾರಿ ಕಟ್ಟುವುದರಿಂದಲೇ ಹೂ ತಲೆಬಾಗುತ್ತದೆ. ದಿನಾ ನೀರು ಬದಲಿಸಿ, ದಂಟಿನ ಬುಡವನ್ನು ಬಕೆಟ್ಟಿನ ನೀರೊಳಗೇ ಒಂದಿಂಚು ಕತ್ತರಿಸಿದರೆ ಗಾಳಿಯೂ ಒಳನುಗ್ಗದು. ಕಾರ್ನೇಷನ್, ಆರ್ಕಿಡ್ ಹೂಗಳನ್ನು ಪುಟ್ಟಬಾಳೆ ಗೊನೆಯ ಪಕ್ಕ ಇಡಲೇಬೇಡಿ, ಹಣ್ಣಾಗುವ ಬಾಳೆ ಬಿಡುವ ಎಥಿಲೀನ್ ಅನಿಲ ಅವನ್ನು ಬೇಗ ಬಾಡಿಸುತ್ತದೆ.

ಹೂ ಜೋಡಣೆ ಎಂದರೆ ಪೇಟೆಯಿಂದ ದುಬಾರಿ ಹೂ ತಂದು ತುರುಕುವುದೆಂಬ ಭಾವನೆಯೂ ಇದೆ. ಜಪಾನಿನ ಇಕೆಬಾನಾ ಮೂರು ಮುಖ್ಯ ಕಡ್ಡಿಗಳ ಮೇಲೆ ನಿಲ್ಲುತ್ತದೆ, ನಡುವಿನ ಖಾಲಿ ಜಾಗವೂ ಅದರ ಭಾಗವೇ. ಒಣಗಿದ ಕಾಫಿ ಬೊಡ್ಡೆ, ಸಿಲ್ವರ್ ಓಕ್ ಎಲೆ, ಅಡಿಕೆ ಹೊಂಬಾಳೆ, ಎರಡು ಆಂಥೂರಿಯಂ ಸಾಕು. ಬಳ್ಳಿ ಎಲ್ಲಿ ಬಾಗಬೇಕು ಎಂದು ತಿಳಿಯಲು ಹಳೇಬೀಡಿನ ಗುಡಿಯ ಬುಡದಲ್ಲಿ ಆನೆ, ಸಿಂಹಗಳ ಸಾಲಿನ ಮೇಲೆ ಓಡುವ ಲತಾಪಟ್ಟಿಕೆಯನ್ನು ನೋಡಿದರಾಯಿತು.

ಪ್ರದರ್ಶನದಲ್ಲಿ ಆರ್ಕಿಡ್‌ಗೆ ಮುಗಿಬೀಳುವ ನಾವೇ ತೋಟದಲ್ಲಿ ಅದನ್ನು ಮರದ ರಕ್ತ ಹೀರುವ ಪಿಡುಗೆಂದು ಕಿತ್ತೆಸೆಯುತ್ತೇವೆ. ಹೀರುವುದು ಬಂದಳಿಕೆ, ಹಕ್ಕಿ ತಂದಿಟ್ಟ ಅಂಟುಬೀಜ ಮೊಳೆತು ಕೊಂಬೆಯೊಳಗೇ ಬೇರಿಳಿಸುತ್ತದೆ. ಸೀತಾಳೆ ಎಂಬ ಆರ್ಕಿಡ್‌ನ ಬಿಳಿ ಬೇರು ತೊಗಟೆಯ ಮೇಲಷ್ಟೇ ಹರಿದು ಮಳೆ, ಮಂಜಿನ ತೇವವನ್ನು ಕುಡಿಯುತ್ತದೆ, ಮರದಿಂದ ಏನನ್ನೂ ಕಸಿಯುವುದಿಲ್ಲ. ಕೊಂಬೆ ಕಡಿದು ಮರಗಸಿ ಮಾಡಲು ಏಣಿ ಹತ್ತುವವರಿಗೆ ಈಗ ಎರಡನ್ನೂ ಕೈಯಲ್ಲಿ ಹಿಡಿದು ತೋರಿಸುತ್ತೇನೆ. ಕಳೆದ ಸಲ ಕೊಂಬೆ ಸಮೇತ ಬಿದ್ದಿದ್ದ ಸೀತಾಳೆಯೊಂದನ್ನು ತೆಂಗಿನ ನಾರಿನಲ್ಲಿ ಹಲಸಿನ ಮರಕ್ಕೆ ಕಟ್ಟಿದೆವು. ತುದಿ ಹಸಿರಾದ ಎರಡು ಹೊಸ ಬೇರುಗಳು ತೊಗಟೆಯನ್ನು ಹಿಡಿದಿವೆ.