ವಿಮೆಯ ಚೀಟಿಯೂ ಹರೆಯದ ಮಕ್ಕಳ ಲಸಿಕೆಯೂ



ಹೋದ ತಿಂಗಳು ನಮ್ಮ ಸದಸ್ಯರೊಬ್ಬರು ವಾಚನಾಲಯಕ್ಕೆ ಬಂದು, ವಿಮೆಯ ಚೀಟಿಯನ್ನು ಮೇಜಿನ ಮೇಲಿಟ್ಟರು. “ವರ್ಷ ವರ್ಷ ಪಗಾರದಿಂದ ಹಣ ಮುರಿದುಕೊಳ್ಳುತ್ತಾರೆ. ಹದಿನಾಲ್ಕರ ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿಸಹೋದರೆ ಈ ಚೀಟಿ ನಡೆಯುವುದಿಲ್ಲವೆಂದರು. ಹಾಗಾದರೆ ಇದು ಯಾತಕ್ಕೆ?” ಎಂದು ಕೇಳಿದರು. ಇದು ಅವರೊಬ್ಬರ ಪ್ರಶ್ನೆಯಲ್ಲ. ಆದುದರಿಂದ ನಾವು ವಿಚಾರಿಸಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮಲ್ಲಿಯ ಆರೋಗ್ಯವಿಮೆಗಳು ಬಹುಮಟ್ಟಿಗೆ ಆಸ್ಪತ್ರೆಯಲ್ಲಿ ಮಲಗಿದವರ ಖರ್ಚಿಗಾಗಿ ಇರತಕ್ಕವು. ಲಸಿಕೆಯಾದರೋ ಹೋಗಿ ಹಾಕಿಸಿಕೊಂಡು ಬರುವಂಥದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವು ಗೊತ್ತುಮಾಡಿದ್ದೂ ಒಳರೋಗಿಗಳ ಚಿಕಿತ್ಸೆಗೇ. ಇ.ಎಸ್.ಐ. ಹಾಗಲ್ಲ, ಅದರ ದವಾಖಾನೆಯಲ್ಲಿ ಹೊರರೋಗಿಗಳಿಗೂ ಔಷಧೋಪಚಾರ ಉಂಟು. ಆದರೆ ಅದಕ್ಕೆ ಪಗಾರದ ಮಿತಿಯಿದೆ. 2017ರ ಜನವರಿಯಲ್ಲಿ ಈ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಬಡ್ತಿ ಸಿಕ್ಕಿ ಮಿತಿ ದಾಟಿದ ಗುಮಾಸ್ತನೂ, ಗುತ್ತಿಗೆ ಮುಗಿದು ಕೆಲಸ ಹೋದ ಕಾರ್ಮಿಕನೂ ಸ್ವಲ್ಪ ಕಾಲದಲ್ಲೇ ಅದರಿಂದ ಹೊರಬೀಳುತ್ತಾರೆ. ಅವರ ಜೊತೆಗೆ ಮಕ್ಕಳೂ ಹೊರಬೀಳುತ್ತಾರೆ.

ಕೂಸಿನ ಲಸಿಕೆಯನ್ನು ತಾಯಂದಿರು ಮರೆಯುವುದಿಲ್ಲ. ಮಗುವಿಗೆ ಐದಾರು ವರ್ಷವಾದ ಮೇಲೆ ಕಾರ್ಡು ಊರಿನ ಪೆಟ್ಟಿಗೆ ಸೇರುತ್ತದೆ. ಹಿಂದೆ ಹಾಕಿಸಿದ ಲಸಿಕೆಯ ಬಲ ಕಾಲಕ್ರಮದಲ್ಲಿ ಕುಂದುವುದರಿಂದ, ಧನುರ್ವಾಯು ಮತ್ತು ಗಂಟಲಮಾರಿಗಳ ವಿರುದ್ಧ 10ನೆಯ ಮತ್ತು 16ನೆಯ ವಯಸ್ಸಿನಲ್ಲಿ ಪುನಃ ಚುಚ್ಚುಮದ್ದು ಹಾಕಿಸಬೇಕು. ಗಂಟಲಮಾರಿ ದೊಡ್ಡ ಮಕ್ಕಳನ್ನೂ ಕೊಲ್ಲಬಲ್ಲದು. ಈ ಚುಚ್ಚುಮದ್ದು ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ವಿಮೆಯ ಚೀಟಿ ಬೇಕಿಲ್ಲ.

ಗರ್ಭಕಂಠದ ಕ್ಯಾನ್ಸರ್ ನಮ್ಮ ದೇಶದ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳಲ್ಲಿ ಎರಡನೆಯದು. ಅದರ ಲಸಿಕೆಯನ್ನು ಎಳೆಯ ವಯಸ್ಸಿನಲ್ಲಿ ಹಾಕಿಸಿದರೆ ಫಲ ಹೆಚ್ಚು. ಖಾಸಗಿಯಾಗಿ ಹಾಕಿಸುವಾಗ 15 ತುಂಬುವ ಮೊದಲೇ ಆರಂಭಿಸಿದರೆ ಸಾಮಾನ್ಯವಾಗಿ ಎರಡು ಡೋಸು, ತುಂಬಿದ ಮೇಲೆ ಮೂರು. ವಿಮೆ ಕೊಟ್ಟೀತೆಂದು ಕಾಯುತ್ತ ಕುಳಿತವನ ಖರ್ಚು ಕಾದಷ್ಟೂ ಬೆಳೆಯುವುದು ಹೀಗೆ.

ಈ ತೊಡಕು ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ 1989ರಿಂದ 1991ರವರೆಗೆ ದಡಾರ ಹಬ್ಬಿತು; ಲಸಿಕೆಯಿಲ್ಲದ ಮಕ್ಕಳೇ ಹೆಚ್ಚಾಗಿ ನರಳಿದರು. ಅಲ್ಲಿನ ಸರ್ಕಾರ 1993ರಲ್ಲಿ ಕಾನೂನು ಮಾಡಿ, 1994ರಿಂದ ವಿಮೆಯಿಲ್ಲದ 19 ವರ್ಷದೊಳಗಿನವರಿಗೆ ತಾನೇ ಲಸಿಕೆ ಕೊಂಡು ಒದಗಿಸತೊಡಗಿತು. ವಿಮೆಯಿದ್ದರೂ ಅದರಲ್ಲಿ ಲಸಿಕೆ ಸೇರಿರದ ಮಕ್ಕಳಿಗಾದರೋ ಕೆಲವು ಗೊತ್ತಾದ ಚಿಕಿತ್ಸಾಲಯಗಳಲ್ಲಿ ಮಾತ್ರ ಈ ಸೌಲಭ್ಯ ದೊರೆಯಿತು. ಏನೂ ಇಲ್ಲದವನಿಗಿಂತ ಅರೆಬರೆ ಇದ್ದವನೇ ಹೆಚ್ಚು ಅಲೆಯಬೇಕಾಯಿತು! ನಮ್ಮ ಸದಸ್ಯರ ಪಾಡೂ ಇದೇ ಬಗೆಯದು.

ಆದುದರಿಂದ ನಮ್ಮ ಸೂಚನೆಯಿಷ್ಟು: ಚೀಟಿಯನ್ನು ಆಸ್ಪತ್ರೆಯ ಹಾಸಿಗೆಗೆಂದು ಜೋಪಾನವಾಗಿಡಿ; ಲಸಿಕೆಗೆ ಅದನ್ನು ನೆಚ್ಚಿ ಕೂರಬೇಡಿ. ಮಕ್ಕಳ ಹಳೆಯ ಲಸಿಕೆ ಕಾರ್ಡನ್ನು ಊರಿನಿಂದ ತರಿಸಿಕೊಳ್ಳಿ. ಮೊದಲು ಹತ್ತಿರದ ಸರ್ಕಾರಿ ಇಲ್ಲವೆ ಮುನಿಸಿಪಾಲಿಟಿ ದವಾಖಾನೆಗೆ ಹೋಗಿ, ಮಗ-ಮಗಳ ವಯಸ್ಸನ್ನು ಹೇಳಿ, ಯಾವ ಲಸಿಕೆ ಬಿಟ್ಟಿ ಸಿಗುವುದೆಂದು ಕೇಳಿರಿ. ಇ.ಎಸ್.ಐ. ಇದ್ದವರು ಅಲ್ಲಿಯೂ ವಿಚಾರಿಸಿರಿ.

ವಿಮೆಯ ಇಂಗ್ಲಿಷ್ ಕಾಗದ ಅರ್ಥವಾಗದಿದ್ದರೆ ಸಂಜೆ ವಾಚನಾಲಯಕ್ಕೆ ತನ್ನಿರಿ. ಕೂಡಿ ಓದೋಣ.