ಮಗ್ಗದಡಿಯ ರಾಫೆಲ್

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ವಿಶಾಲವಾದ ಅಂಕಣವೊಂದರಲ್ಲಿ ಏಳು ಬೃಹತ್ ಚಿತ್ರಗಳಿವೆ. ಒಂದೊಂದೂ ಮೂರು ಮೀಟರಿಗಿಂತ ಎತ್ತರ. ಕೆಲವು ಐದು ಮೀಟರಿಗೂ ಮೀರಿ ಅಗಲ. ದೂರದಿಂದ ಭಿತ್ತಿಚಿತ್ರಗಳಂತೆ ತೋರುವ ಇವು ವಾಸ್ತವವಾಗಿ ನೇಕಾರರಿಗಾಗಿ ಕಾಗದದ ಮೇಲೆ ಬರೆದ ನಕ್ಷೆಗಳು. ಸಮೀಪಿಸಿ ನೋಡಿದರೆ ಮೇಲಿನಿಂದ ಕೆಳಗಿನವರೆಗೆ ಕತ್ತರಿಸಿ ಮರಳಿ ಜೋಡಿಸಿದ ಗುರುತುಗಳೂ, ರೇಖೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚಿದ ಸಣ್ಣ ರಂಧ್ರಗಳೂ ಕಾಣುತ್ತವೆ. ಬರೆದವನು ಇಟಲಿಯ ಮಹಾಚಿತ್ರಕಾರ ರಾಫೆಲ್.

ರೋಮಿನ ಸಿಸ್ಟೀನ್ ಪ್ರಾರ್ಥನಾಮಂದಿರದ ಮೇಲ್ಛಾವಣಿಯನ್ನು ಮೈಕೆಲೇಂಜೆಲೊ 1512ರಲ್ಲಿ ಮುಗಿಸಿದ್ದನು. ಗೋಡೆಗಳ ಕೆಳಭಾಗಕ್ಕೆ ಟ್ಯಾಪೆಸ್ಟ್ರಿ ಎಂಬ ನೇಯ್ದ ಚಿತ್ರವಸ್ತ್ರಗಳನ್ನು ತೂಗುಹಾಕಬೇಕೆಂದು ಪೋಪ್ ಹತ್ತನೆಯ ಲಿಯೋ ಬಯಸಿದನು. ಸಂತ ಪೀಟರ್ ಮತ್ತು ಸಂತ ಪಾಲ್ ಇವರ ಜೀವನದ ಹತ್ತು ಪ್ರಸಂಗಗಳನ್ನು ಬರೆಯುವ ಹೊಣೆ ರಾಫೆಲನ ಪಾಲಿಗೆ ಬಂದಿತು. 1515ರ ಜೂನ್ ಹಾಗೂ 1516ರ ಡಿಸೆಂಬರ್ ತಿಂಗಳಲ್ಲಿ ಅವನಿಗೆ ಹಣ ಸಂದಾಯವಾದ ದಾಖಲೆಗಳು ಉಳಿದಿವೆ. ಶಿಷ್ಯರ ನೆರವಿನಿಂದ ಅವನು ಅನೇಕ ಹಾಳೆಗಳನ್ನು ಅಂಟಿಸಿ, ಇದ್ದಿಲಿನಿಂದ ರೇಖಿಸಿ, ಅಂಟು ಬೆರೆಸಿದ ಬಣ್ಣಗಳನ್ನು ತುಂಬಿದನು. ಇಂತಹ ದೊಡ್ಡ ಕಾಗದದ ನಕ್ಷೆಗೆ ಇಟಲಿಯವರು ‘ಕಾರ್ತೋನೆ’ ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಅದೇ ‘ಕಾರ್ಟೂನ್’ ಆಯಿತು. ಆ ಪದಕ್ಕೆ ನಗೆಚಿತ್ರವೆಂಬ ಅರ್ಥ ಅಂಟಿಕೊಂಡದ್ದು 1843ರಲ್ಲಿ, ಲಂಡನ್ನಿನ ‘ಪಂಚ್’ ಪತ್ರಿಕೆಯ ಕುಚೋದ್ಯದಿಂದ.

ನಕ್ಷೆಗಳು ಬ್ರಸೆಲ್ಸ್ ನಗರದ ಪೀಟರ್ ವಾನ್ ಆಲ್ಸ್ಟ್ ಎಂಬವನ ನೇಯ್ಗೆ ಶಾಲೆಗೆ ಹೋದವು. ಅಲ್ಲಿ ಅವುಗಳನ್ನು ಸುಮಾರು ಗಜದಗಲದ ಪಟ್ಟಿಗಳಾಗಿ ಕತ್ತರಿಸಲಾಯಿತು. ಇದು ಅನಾದರವಲ್ಲ, ಕಸುಬಿನ ಅಗತ್ಯ. ಅಲ್ಲಿನ ಮಗ್ಗದಲ್ಲಿ ಹಾಸಿನ ಎಳೆಗಳು ನೆಲಕ್ಕೆ ಸಮಾನಾಂತರವಾಗಿರುತ್ತವೆ. ಅವುಗಳ ಕೆಳಗೆ ಪಟ್ಟಿಯನ್ನಿಟ್ಟು, ಎಳೆಗಳ ಸಂದಿನಿಂದ ಇಣುಕಿ ನೋಡುತ್ತ ನೇಕಾರರು ಬಣ್ಣಕ್ಕೊಂದು ಕಂಡಿಕೆ ಹಿಡಿದು ಹೊಕ್ಕು ತುಂಬುತ್ತಾರೆ. ಸಾಮಾನ್ಯ ಬಟ್ಟೆಯಲ್ಲಿ ಹಾಸು ಹೊಕ್ಕುಗಳೆರಡೂ ಕಣ್ಣಿಗೆ ಬೀಳುತ್ತವೆ. ಟ್ಯಾಪೆಸ್ಟ್ರಿಯಲ್ಲಿ ಹಾಸು ಸಂಪೂರ್ಣ ಮುಚ್ಚಿಹೋಗಿ ಹೊಕ್ಕೇ ಚಿತ್ರವಾಗುತ್ತದೆ. ಅಲ್ಲದೆ ನೇಕಾರನ ಕಣ್ಣಿಗೆ ಕಾಣುವುದು ವಸ್ತ್ರದ ಹಿಂಬದಿ. ಆದ್ದರಿಂದ ಮುಂಬದಿಯಲ್ಲಿ ಚಿತ್ರ ಕನ್ನಡಿಯೊಳಗಿನ ಬಿಂಬದಂತೆ ಎಡಬಲ ಬದಲಾಗುತ್ತದೆ. ರಾಫೆಲ್ ಇದನ್ನು ಮೊದಲೇ ಗಣಿಸಿ ತಿರುವುಮುರುವಾಗಿ ಯೋಚಿಸಬೇಕಾಯಿತು.

ಉಣ್ಣೆ, ರೇಷ್ಮೆ, ಚಿನ್ನದ ಲೇಪದ ಬೆಳ್ಳಿಯೆಳೆಗಳಿಂದ ನೇಯ್ದ ಮೊದಲ ಏಳು ವಸ್ತ್ರಗಳು 1519ರ ಡಿಸೆಂಬರ್ 26ರಂದು ಸಿಸ್ಟೀನ್ ಮಂದಿರವನ್ನು ಅಲಂಕರಿಸಿದವು. ನಾಲ್ಕು ತಿಂಗಳು ತುಂಬುವ ಮೊದಲೇ ರಾಫೆಲ್ ತೀರಿಕೊಂಡನು.

ನಕ್ಷೆಗಳು ಮಾತ್ರ ರೋಮಿಗೆ ಹಿಂದಿರುಗಲಿಲ್ಲ. ಹಣ ಕೊಟ್ಟವನು ಪೋಪ್, ಬರೆದವನು ರಾಫೆಲ್. ಆದರೆ ಅವುಗಳ ಉಪಯೋಗ ಕೈಯಲ್ಲಿದ್ದವರದಾಯಿತು. ಇಂದಿನ ಅರ್ಥದ ಕೃತಿಸ್ವಾಮ್ಯ ಆಗಿರಲಿಲ್ಲ. ಅದೇ ವಿನ್ಯಾಸದಿಂದ ಇಂಗ್ಲೆಂಡಿನ ಎಂಟನೆಯ ಹೆನ್ರಿಗೂ ಫ್ರಾನ್ಸಿನ ಮೊದಲನೆಯ ಫ್ರಾನ್ಸಿಸನಿಗೂ ವಸ್ತ್ರಗಳು ಸಿದ್ಧವಾದವು. ಬಳಕೆಯಲ್ಲೇ ಮೂರು ನಕ್ಷೆಗಳು ಕಾಣೆಯಾದವು. ಉಳಿದ ಏಳನ್ನು 1623ರಲ್ಲಿ, ಮುಂದೆ ಮೊದಲನೆಯ ಚಾರ್ಲ್ಸ್ ಎನಿಸಿದ ಇಂಗ್ಲೆಂಡಿನ ಯುವರಾಜನಿಗಾಗಿ ಜಿನೋವಾದಿಂದ ಸುಮಾರು 300 ಪೌಂಡಿಗೆ ಕೊಳ್ಳಲಾಯಿತು. ಆಗಲೂ ಅವು ಪಟ್ಟಿಗಳೇ. ಕೊಂಡದ್ದು ಮಾರ್ಟ್‌ಲೇಕ್‌ನ ನೇಯ್ಗೆ ಶಾಲೆಯ ಉಪಯೋಗಕ್ಕೆ. 1649ರಲ್ಲಿ ಅರಸನ ಶಿರಚ್ಛೇದವಾಗಿ ಅವನ ಸಂಗ್ರಹ ಹರಾಜಾದಾಗ ಕ್ರಾಮ್‌ವೆಲ್ ಇವುಗಳನ್ನು ಮಾರಗೊಡಲಿಲ್ಲ. ಪಟ್ಟಿಗಳನ್ನು ಕೂಡಿಸಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಚಿತ್ರಗಳೆಂದು ತೂಗುಹಾಕಿದವನು ಮೂರನೆಯ ವಿಲಿಯಂ. ಅದು 1690ರ ದಶಕದ ಮಾತು. 1865ರಲ್ಲಿ ರಾಣಿ ವಿಕ್ಟೋರಿಯಾ ಅವುಗಳನ್ನು ವಸ್ತುಸಂಗ್ರಹಾಲಯಕ್ಕೆ ಎರವಲಾಗಿ ಕೊಟ್ಟಳು. ಎರವು ಇಂದಿಗೂ ಮುಂದುವರಿದಿದೆ, ಒಡೆತನ ರಾಜಮನೆತನದ್ದೇ.

ನಕ್ಷೆಗಿಂತ ಎಷ್ಟೋ ಪಾಲು ಹೆಚ್ಚು ಬೆಲೆಯ ವಸ್ತ್ರಗಳಿಗೆ ಅಷ್ಟು ಅದೃಷ್ಟವಿರಲಿಲ್ಲ. 1527ರಲ್ಲಿ ರೋಮ್ ಸೂರೆಯಾದಾಗ ಪೋಪನ ವಸ್ತ್ರಗಳು ಕೊಳ್ಳೆಹೋಗಿ, ಬಹುಕಾಲದ ನಂತರ ಮರಳಿದವು. ಫ್ರಾನ್ಸಿಸನ ವಸ್ತ್ರಗಳನ್ನು 1797ರಲ್ಲಿ ಚಿನ್ನಬೆಳ್ಳಿಯ ಆಸೆಗೆ ಸುಟ್ಟು ಲೋಹ ತೆಗೆದರು. ಹೆನ್ರಿಯವು ಎರಡನೆಯ ಮಹಾಯುದ್ಧದಲ್ಲಿ ಬರ್ಲಿನ್ನಿನಲ್ಲಿ ನಾಶವಾದವು. ಬೆಲೆಯೇ ಕೆಲವಕ್ಕೆ ಮೃತ್ಯುವಾಯಿತೆನ್ನಬೇಕು. ಕಾಗದವನ್ನು ಸುಟ್ಟರೆ ಸಿಗುವುದು ಬೂದಿ ಮಾತ್ರ. ಪೋಪನ ವಸ್ತ್ರಗಳನ್ನು ವ್ಯಾಟಿಕನ್ 2020ರ ಫೆಬ್ರವರಿಯಲ್ಲಿ, ರಾಫೆಲನ ಐನೂರನೆಯ ಪುಣ್ಯಸ್ಮರಣೆಯ ಅಂಗವಾಗಿ, ಒಂದು ವಾರ ಸಿಸ್ಟೀನ್ ಮಂದಿರದಲ್ಲಿ ಮತ್ತೆ ತೂಗುಹಾಕಿತು.

ಲಂಡನ್ನಿನ ಏಳು ನಕ್ಷೆಗಳಲ್ಲಿ ಒಂದು, ಬಲೆ ತುಂಬ ಮೀನು ಸಿಕ್ಕಿದ ಪವಾಡದ ಪ್ರಸಂಗ. ದೋಣಿಯಲ್ಲಿ ಕುಳಿತ ಏಸುವಿನ ನಿಲುವಂಗಿ ಅದರಲ್ಲಿ ಬಿಳುಪಾಗಿ ಕಾಣುತ್ತದೆ. ಮೊದಲು ಅದು ಕೆಂಪಾಗಿತ್ತು; ಬೇಗನೆ ಮಾಸುವ ಬಣ್ಣವನ್ನು ಬಳಸಿದ್ದರಿಂದ ಹೊರಟುಹೋಗಿದೆ. ದೋಣಿಯ ಕೆಳಗೆ ನೀರಿನಲ್ಲಿ ಬಿದ್ದ ಆ ಅಂಗಿಯ ಪ್ರತಿಬಿಂಬವನ್ನು ರಾಫೆಲ್ ಬೇರೆ ಬಣ್ಣದಲ್ಲಿ ಬರೆದಿದ್ದನು. ಅದು ಇನ್ನೂ ಕೆಂಪಾಗಿಯೇ ಇದೆ.