ಮರಳಿನಡಿಯ ಮೀನನ್ನು ಹುಡುಕುವ ತಲೆ

ದಕ್ಕೆಯಿಂದ ನಮ್ಮ ಪ್ರಾಣಿಶಾಸ್ತ್ರ ಪ್ರಯೋಗಾಲಯಕ್ಕೆ ಸುತ್ತಿಗೆ ತಲೆಯ ತಾಟೆ (ಶಾರ್ಕ್) ಬಂದಾಗಲೆಲ್ಲ ಹುಡುಗರು ಮೊದಲು ನೋಡುತ್ತಿದ್ದದ್ದು ಆ ಎರಡು ತುದಿಗಳ ಕಣ್ಣುಗಳನ್ನು. ನಾನು ಮಾತ್ರ ತಲೆಯನ್ನು ಮಗುಚಿ ಹಾಕಿಸುತ್ತಿದ್ದೆ. ಅಡಿಯ ಬಿಳಿ ಚರ್ಮದ ತುಂಬ ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ರಂಧ್ರಗಳು. ಬೆರಳಿನಿಂದ ಒತ್ತಿದರೆ ಅವುಗಳಿಂದ ತಿಳಿಯಾದ ಲೋಳೆ ಒಸರುತ್ತದೆ. ಆ ಮೀನು ಬದುಕುವ ಬಗೆಯೆಲ್ಲ ಆ ಲೋಳೆಯಿಂದಲೇ ಶುರು ಎಂದು ಹೇಳುತ್ತಿದ್ದೆ.

ಶಾರ್ಕ್‌ಗಳ ಈ ರಂಧ್ರಗಳ ಬಗ್ಗೆ ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲೇ ಬರೆದಿದ್ದ. ಅವು ವಿದ್ಯುತ್ತನ್ನು ಗ್ರಹಿಸುವ ಅಂಗಗಳೆಂದು ಖಚಿತವಾಗಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಉಸಿರಾಡುವ ಪ್ರತಿ ಮೀನಿನ ಸುತ್ತಲೂ ತೀರ ಕ್ಷೀಣವಾದ ವಿದ್ಯುತ್ ಕ್ಷೇತ್ರವೊಂದು ಇರುತ್ತದೆ. ತೊರಕೆ ಮರಳು ಹೊದ್ದು ಅಲುಗಾಡದೆ ಮಲಗಬಹುದು, ಆದರೆ ಉಸಿರಾಡದೆ ಇರಲಾರದು. ನೆಲಕ್ಕೆ ಸಮೀಪವಾಗಿ ತಲೆಯಾಡಿಸುತ್ತ ಸಾಗುವ ಶಾರ್ಕ್‌ಗೆ ಅಷ್ಟು ಸಾಕು.

ಹಾಗಾದರೆ ಅಗಲ ತಲೆಯ ಶಾರ್ಕ್‌ನ ಗ್ರಹಣಶಕ್ತಿ ಹೆಚ್ಚು ಚುರುಕೇ? ಸ್ಟೀಫನ್ ಕಜಿಯುರಾ ಮತ್ತು ಕಿಮ್ ಹಾಲೆಂಡ್ ಸುತ್ತಿಗೆ ತಲೆಯ ಮರಿಗಳನ್ನೂ ಸಾಧಾರಣ ಮೂತಿಯ ಶಾರ್ಕ್ ಮರಿಗಳನ್ನೂ ಹೋಲಿಸಿ 2002ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಚುರುಕಿನಲ್ಲಿ ಎರಡೂ ಸಮ. ಆದರೆ ಒಂದೇ ಸಲ ಸಾಗಿದಾಗ ಅಗಲ ತಲೆ ಹೆಚ್ಚು ನೆಲವನ್ನು ಜಾಲಾಡುತ್ತದೆ. ಲಾಭವಿರುವುದು ಅಗಲದಲ್ಲಿ. ನನಗೆ ಈ ಉತ್ತರ ಬಹಳ ಇಷ್ಟ.

ಕಣ್ಣಿನ ಪ್ರಯೋಜನವೂ ಸಣ್ಣದಲ್ಲ. ಕಣ್ಣುಗಳು ಅಷ್ಟು ದೂರವಿದ್ದರೆ ಎದುರಿನದು ಕಾಣುವುದಿಲ್ಲ ಎಂದು ಹಿಂದೆ ಅನೇಕರು ನಂಬಿದ್ದರು. 2009ರ ಅಳತೆಗಳು ಅದನ್ನು ತಳ್ಳಿಹಾಕಿದವು. ಕಣ್ಣುಗಳು ತುಸು ಮುಂದಕ್ಕೆ ವಾಲಿರುವುದರಿಂದ ಎರಡರ ನೋಟವೂ ಎದುರಿನಲ್ಲಿ ಕೂಡುತ್ತದೆ, ದೂರ ಅಂದಾಜಿಸಲು ಅದು ನೆರವಾಗುತ್ತದೆ.

ಆರು ಮೀಟರ್‌ವರೆಗೂ ಬೆಳೆಯಬಲ್ಲ ದೊಡ್ಡ ಸುತ್ತಿಗೆ ತಲೆ ಶಾರ್ಕ್ ಈ ತಲೆಯನ್ನು ಇನ್ನೊಂದು ಕೆಲಸಕ್ಕೂ ಬಳಸುತ್ತದೆ. ಬಹಾಮಾಸ್‌ನಲ್ಲಿ ಕಂಡವರು ಬರೆದಂತೆ, ಓಡುವ ತೊರಕೆಯನ್ನು ಅದು ತಲೆಯಿಂದ ನೆಲಕ್ಕೆ ಅದುಮಿ ಹಿಡಿದು ರೆಕ್ಕೆಯನ್ನು ಕಚ್ಚುತ್ತದೆ. ತೊರಕೆಯ ವಿಷಮುಳ್ಳುಗಳು ಬಾಯಲ್ಲಿ, ದವಡೆಯಲ್ಲಿ ಚುಚ್ಚಿಕೊಂಡೇ ಆರೋಗ್ಯವಾಗಿ ಬದುಕಿದ ಮೀನುಗಳು ಸಿಕ್ಕಿವೆ. ಇದೇ ಜಾತಿಯ ಬೆನ್ನಿನ ಈಜುರೆಕ್ಕೆ ಪಕ್ಕದ ರೆಕ್ಕೆಗಳಿಗಿಂತ ಉದ್ದ. ಏಕೆಂದು 2016ರಲ್ಲಿ ತಿಳಿಯಿತು: ಮೈಗೆ ಕಟ್ಟಿದ ಸಾಧನಗಳ ಪ್ರಕಾರ ಅದು ಬಹುಪಾಲು ಹೊತ್ತು ಒಂದು ಮಗ್ಗುಲಿಗೆ 50ರಿಂದ 75 ಡಿಗ್ರಿ ವಾಲಿಕೊಂಡೇ ಈಜುತ್ತದೆ. ಆಗ ಬೆನ್ನಿನ ರೆಕ್ಕೆಯೇ ಮೈಯನ್ನು ಎತ್ತಿ ಹಿಡಿಯುತ್ತದೆ, ಈಜುವ ಶ್ರಮ ಸುಮಾರು ಶೇ. 10ರಷ್ಟು ಉಳಿಯುತ್ತದೆ.

ಅದರ ಸೋದರ ಜಾತಿಯಾದ, ತಲೆಯಂಚು ಅಲೆಯಲೆಯಾಗಿರುವ ಶಾರ್ಕ್‌ನ ಸ್ವಭಾವ ಬೇರೆ. ಹಗಲೆಲ್ಲ ಅದು ಗುಂಪಿನಲ್ಲಿರುತ್ತದೆ. ಮೆಕ್ಸಿಕೊದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ನೀರೊಳಗಿನ ಗುಡ್ಡವೊಂದರ ಸುತ್ತ ನೂರಾರು ಶಾರ್ಕ್‌ಗಳು ಸೇರುವುದನ್ನು ಪೀಟರ್ ಕ್ಲಿಮ್ಲಿ ವರ್ಷಗಟ್ಟಲೆ ಗಮನಿಸಿದರು. ಗುಂಪಿನಲ್ಲಿ ಹೆಚ್ಚಿನವು ಹೆಣ್ಣುಗಳು. ದೊಡ್ಡ ಹೆಣ್ಣುಗಳು ನಡುವಿನ ಜಾಗ ಹಿಡಿದು ಸಣ್ಣವನ್ನು ಅಂಚಿಗೆ ಅಟ್ಟುತ್ತವೆ. ಸಂಜೆಯಾದರೆ ಗುಂಪು ಚದುರಿ ಆಳ ಸಮುದ್ರಕ್ಕೆ ಬೇಟೆಗೆ ಹೋಗುತ್ತದೆ, ಬೆಳಗಾಗುವಷ್ಟರಲ್ಲಿ ಅದೇ ಗುಡ್ಡಕ್ಕೆ ಮರಳುತ್ತದೆ. ಸಮುದ್ರತಳದ ಕಲ್ಲುಗಳಲ್ಲಿರುವ ಕಾಂತೀಯ ಏರಿಳಿತವೇ ಅವಕ್ಕೆ ದಾರಿ ತೋರಿಸುತ್ತದೆ ಎಂಬುದು ಕ್ಲಿಮ್ಲಿ ಅವರ ವಾದ. ಹವಾಯಿಯ ಅಧ್ಯಯನವೊಂದು 2023ರಲ್ಲಿ ಇನ್ನೂ ಅಚ್ಚರಿಯದನ್ನು ಹೇಳಿತು. ರಾತ್ರಿ 800 ಮೀಟರ್‌ಗೂ ಕೆಳಗಿನ, 5 ಡಿಗ್ರಿಯಷ್ಟು ತಣ್ಣನೆಯ ನೀರಿಗೆ ಇಳಿಯುವಾಗ ಅವು ಕಿವಿರು ಮುಚ್ಚಿಕೊಳ್ಳುತ್ತವೆಯಂತೆ! ಮೈಯ ಶಾಖ ಸೋರಿಹೋಗುವುದೇ ಕಿವಿರಿನಿಂದ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಮೀನು ಉಸಿರು ಬಿಗಿಹಿಡಿದು ಮುಳುಗುತ್ತದೆಂದು ಯಾರೂ ಊಹಿಸಿರಲಿಲ್ಲ.

ಇಷ್ಟೆಲ್ಲ ಬಲ್ಲ ಪ್ರಾಣಿ ಬಲೆಯ ಮುಂದೆ ತೀರ ದುರ್ಬಲ. ಚಾಚಿದ ತಲೆ ಮರಿಯಾಗಿದ್ದಾಗಲೇ ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕ ಮೇಲೆ ಒದ್ದಾಡಿ ಬೇಗ ಸಾಯುತ್ತದೆ. ಜೀವಂತ ಬಿಟ್ಟರೂ ಬಹಳಷ್ಟು ಉಳಿಯುವುದಿಲ್ಲ. ಹೊಟ್ಟೆಯಲ್ಲೇ ಮರಿ ಬೆಳೆಸಿ ಹೆರುವ ಈ ಮೀನಿಗೆ ಬಸಿರಿನ ಅವಧಿಯೇ ಒಂಬತ್ತು ತಿಂಗಳಿಗೂ ಹೆಚ್ಚು. ಸಾವಿರಾರು ಮೊಟ್ಟೆಯಿಡುವ ಬಂಗುಡೆಯ ಹಾಗೆ ನಷ್ಟ ತುಂಬಿಕೊಳ್ಳಲು ಅದರಿಂದಾಗದು. ಮೇಲೆ ಹೇಳಿದ ಎರಡೂ ಜಾತಿಗಳು 2019ರಿಂದ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿವೆ.

ಶಾರ್ಕ್ ರೆಕ್ಕೆಯ ರಫ್ತನ್ನು ನಮ್ಮ ದೇಶ 2015ರಲ್ಲಿ ನಿಲ್ಲಿಸಿತು. ಅದು ಒಳ್ಳೆಯದೇ ಆಯಿತು. ಆದರೆ ರೆಕ್ಕೆ ಮಾರಾಟವಾಗದಿದ್ದರೂ ಬೇರೆ ಮೀನಿನ ಬಲೆಗೆ ಮರಿ ಬೀಳುವುದು ನಿಲ್ಲುವುದಿಲ್ಲ. ಮರಿಗಳು ಆರಂಭದ ದಿನಗಳನ್ನು ಕಳೆಯುವುದು ಆಳವಿಲ್ಲದ ದಡದ ನೀರಿನಲ್ಲಿ. ಆ ಜಾಗಗಳಲ್ಲಿ, ಆ ತಿಂಗಳುಗಳಲ್ಲಿ ಬಲೆ ಬಿಡದಿರುವುದೊಂದೇ ನನಗೆ ಕಾಣುವ ದಾರಿ. ಯಾವ ತಿಂಗಳು, ಎಷ್ಟು ಮಾರು ನೀರಿನಲ್ಲಿ ಮರಿ ಸಿಗುತ್ತದೆಂದು ಚೆನ್ನಾಗಿ ಹೇಳಬಲ್ಲವರು ಬೋಟಿನವರು. ಅಧಿಕಾರಿಗಳು ನಕ್ಷೆ ಬಿಡಿಸುವ ಮೊದಲು ದಕ್ಕೆಗೆ ಹೋಗಿ ಅವರನ್ನು ಕೇಳಲಿ.